ನೇರಳೆಯ ಪಕ್ಕದ ಕೆಂಪು

೬ ಜನವರಿ ೨೦೨೫, ಸೋಮವಾರ

ಸೋಮವಾರ ಬ್ಯಾಡಗಿಯಿಂದ ಹೊರಬೀಳುವುದೆಂದರೆ ಸಾಕು ಸಾಕಾಗುತ್ತದೆ. ಮಾರ್ಕೆಟ್ ದಿನ. ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ರಸ್ತೆಯಗಲಕ್ಕೂ ನಿಂತಿರುತ್ತವೆ, ಬಸ್ಸು ತೆವಳುತ್ತದೆ. ಹೊರಗಿನಿಂದ ಬಂದವರು ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ. ನಮಗೆ ಏನೂ ಅನಿಸುವುದಿಲ್ಲ, ಹುಟ್ಟಿದಾಗಿನಿಂದ ಇದೇ ಗಾಳಿ. ಹಾವೇರಿಯ ಲ್ಯಾಬು ಮುಟ್ಟುವ ಹೊತ್ತಿಗೆ ನನ್ನದು ಅರ್ಧ ಜೀವ.

ವಾರದಲ್ಲಿ ಮೂರು ದಿನ ರಾಣೆಬೆನ್ನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಉಳಿದ ದಿನ ಹಾವೇರಿಯಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಎರಡೂ ಕಡೆ ಕುರ್ಚಿ ಖಾಯಂ ಇಲ್ಲ. ನನ್ನ ಗೈಡ್ ನಿಜಲಿಂಗಪ್ಪ ಸರ್ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಾರೆ. ನನ್ನ ನೋಂದಣಿಯ ಅವಧಿಯೂ ಅದೇ ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ನನ್ನದೊಂದು ಲೇಖನ ಪತ್ರಿಕೆಯಲ್ಲಿ ಒಪ್ಪಿಗೆಯಾದರೆ ಪ್ರಬಂಧ ಸಲ್ಲಿಸಬಹುದು. ಇಲ್ಲದಿದ್ದರೆ ಹೊಸ ಗೈಡ್, ಹೊಸ ನೋಂದಣಿ, ಮತ್ತೆ ಮೊದಲಿನಿಂದ. ಆಫೀಸಿನವರು ಮುಖಕ್ಕೇ ಹೇಳಿದರು.

ಮನೆಗೆ ಬಂದರೆ ಅಮ್ಮಿ ಪಡಸಾಲೆಯ ತುಂಬ ಮಾರ್ಕೆಟ್ಟಿನ ಸೇಠ ಕೂಲಿಗೆ ಕಳಿಸಿದ ಮೆಣಸಿನಕಾಯಿ ಹರಡಿಕೊಂಡು, ಪಕ್ಕದ ಮನೆಯ ಪ್ರೇಮವ್ವನ ಜೊತೆ ತೊಟ್ಟು ತೆಗೆಯುತ್ತಾ ಕೂತಿದ್ದಳು. ಕೈ ಉರಿ, ಕೈ ಉರಿ ಎಂದು ಒಂದೇ ಗೋಳು. ನನ್ನ ಡಬ್ಬಿಯಿಂದ ಒಂದಷ್ಟು ನೀಲಿ ಗ್ಲೌಸು ತೆಗೆದು ಅವಳ ಮುಂದೆ ಹಾಕಿದೆ. ಲ್ಯಾಬಿಗೆ ಗ್ಲೌಸು ಬಂದು ಯಾವ ಕಾಲವಾಯಿತೋ, ನಾನೇ ಮೆಡಿಕಲ್ ಅಂಗಡಿಯಿಂದ ಡಬ್ಬಿ ತಂದು ಮನೆಯ ಕಪಾಟಿನಲ್ಲಿಟ್ಟು ದಿನಾ ಎರಡು ಜೊತೆ ಒಯ್ಯುತ್ತೇನೆ. ಅಮ್ಮಿಗೆ ಕೊಟ್ಟದ್ದು ಅಂತಃಕರಣದಿಂದಲ್ಲ, ಗೋಳು ಕೇಳಲಾಗದೆ. ಪ್ರೇಮವ್ವ "ನೀನೂ ಒಂದೀಟು ಕೈ ಹಚ್ಚ ಬಾರವಾ" ಎಂದಳು. ನನಗೆ ಬೇರೆ ಕೆಲಸ ಇದೆ ಎಂದು ಒಳಗೆ ಬಂದೆ. ಕೆಲಸ ಏನೂ ಇರಲಿಲ್ಲ, ಮಲಗಿದೆ.

೧೬ ಜನವರಿ, ಗುರುವಾರ

ಏನೋ ಒಂದು ಬಂದಿದೆ. ಬರೆದಿಡುತ್ತೇನೆ, ನಾಳೆ ಸುಳ್ಳಾದರೂ ಆಗಲಿ.

ಗಾಜಿನ ಚೂರಿನ ಮೇಲೆ ಸತುವಿನ ಆಕ್ಸೈಡಿನ ತೆಳು ಲೇಪ. ಅದು ಅರೆವಾಹಕ. ಅದಕ್ಕೆ ಹಸಿರು ಲೇಸರ್ ಬಡಿದರೆ ನೇರಳೆ ಬೆಳಕು ಹೊರಡುತ್ತದೆ, ಕಣ್ಣಿಗೆ ಕಾಣುವುದೂ ಕಷ್ಟ, ಯಂತ್ರಕ್ಕೆ ಮಾತ್ರ ಗೊತ್ತು. ಹಸಿರು ಬೆಳಕಿನ ಒಂದು ಕಣಕ್ಕೆ ನೇರಳೆ ಹೊರಡಿಸುವ ತಾಕತ್ತಿಲ್ಲ. ಎರಡು ಕಣ ಒಂದೇ ಗಳಿಗೆಗೆ ಬಂದು ಬೀಳಬೇಕು. ಹೋದ ವರ್ಷ ಅಮ್ಮಿ ಕೇಳಿದಾಗ, ನಮ್ಮ ಅಬ್ಬಾ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವಾಗ ಇಬ್ಬರು ಎರಡು ಕಡೆ ಹಿಡಿದು ಚೀಲ ಎತ್ತುತ್ತಿದ್ದರಲ್ಲ, ಹಾಗೆ ಎಂದಿದ್ದೆ. ಅದಕ್ಕೇ ಲೇಸರ್ ಎರಡರಷ್ಟು ಮಾಡಿದರೆ ನೇರಳೆ ನಾಲ್ಕರಷ್ಟಾಗುತ್ತದೆ. ಕೊಟ್ಟಷ್ಟೇ ಬರುವುದಿಲ್ಲ, ಅದೇ ಇದರ ಚಂದ. ಇಷ್ಟು ಜಗತ್ತಿಗೆಲ್ಲ ಗೊತ್ತಿರುವುದೇ.

ಇವತ್ತು ನೇರಳೆಯ ಜೊತೆ ಕೆಂಪೂ ಬಂತು. ಯಂತ್ರ ಬರೆಯುವ ಗೆರೆಯಲ್ಲಿ ಅಗಲವಾಗಿ, ಗುಡ್ಡದ ಹಾಗೆ. ಮೂರು ಮಾದರಿ ನೋಡಿದೆ, ಮೂರರಲ್ಲೂ ಇದೆ. ಇದು ಮಾತ್ರ ಕೊಟ್ಟಷ್ಟೇ ಬರುತ್ತದೆ, ಲೇಸರ್ ಎರಡರಷ್ಟಾದರೆ ಇದೂ ಎರಡರಷ್ಟು. ಸ್ವಲ್ಪ ಹೊತ್ತು ಲೇಸರ್ ಹಾಯಿಸಿದರೆ ಮಂಕಾಗುತ್ತದೆ.

ಸರ್ ಬುತ್ತಿ ಡಬ್ಬಿ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಶುಗರ್ ಇರುವ ಮನುಷ್ಯ, ಊಟದ ಹೊತ್ತು ತಪ್ಪಿಸಬಾರದು. "ಏನವಾ ಬೇನಜೀರ, ಇದು ಲೇಪದ ಹರಳಿನೊಳಗಿನ ಕೊರತೆಯಿಂದ ಬಂದದ್ದು ಕಾಣತೈತಿ. ಇಂಥಾದ್ದು ನಾ ಎಲ್ಲೂ ನೋಡಿಲ್ಲ" ಎಂದರು. ಮಂಕಾಗುವುದೇಕೆ ಎಂದು ಕೇಳಿದೆ. "ದಣೀತೈತಿ ಅದೂ" ಎಂದು ನಕ್ಕರು. ಹರಳೂ ದಣಿಯುತ್ತದಂತೆ, ನನ್ನ ಹಾಗೆ.

೨೩ ಜನವರಿ

ನನ್ನ ಎಲ್ಲಾ ಮಾದರಿಗಳಲ್ಲೂ ಕೆಂಪು. ಚಂದ್ರಪ್ಪನ ಒಂದರಲ್ಲೂ ಇಲ್ಲ. ಅವನೂ ಸರ್ ಅವರ ವಿದ್ಯಾರ್ಥಿ, ಕುಪ್ಪೇಲೂರಿನವನು, ಅದೇ ಲ್ಯಾಬು, ಅದೇ ಕುಲುಮೆ, ಅದೇ ದ್ರಾವಣ. ಇರುವ ವ್ಯತ್ಯಾಸ ಒಂದೇ: ಅವನು ಗಾಜನ್ನು ಚಿಮಟದಿಂದ ಹಿಡಿದು ಲೇಸರ್ ಮುಂದಿನ ಹಿಡಿಕೆಗೆ ಕೂರಿಸುತ್ತಾನೆ. ನನಗೆ ಚಿಮಟ ಜಾರುತ್ತದೆ, ಗ್ಲೌಸು ಹಾಕಿದ ಬೆರಳಿನಿಂದ ಒತ್ತಿ ಕೂರಿಸುವುದು ರೂಢಿ. "ಅಕ್ಕಾರ, ನನಗೂ ಒಂದೀಟು ಕೆಂಪು ಕೊಡ್ರಿ" ಎಂದು ಚೇಷ್ಟೆ ಮಾಡುತ್ತಾನೆ. ನನಗೆ ನಗುವುದಕ್ಕೂ ತ್ರಾಣವಿಲ್ಲ.

೩ ಫೆಬ್ರವರಿ

ಜ್ವರ. ಕಾಲೇಜಿಗೂ ಹೋಗಲಿಲ್ಲ, ಲ್ಯಾಬಿಗೂ ಇಲ್ಲ. ಅಮ್ಮಿ ಗಂಜಿ ಮಾಡಿದಳು, ಖಾರದ ಕೈಯಲ್ಲಿ ಹಣೆ ಮುಟ್ಟಿದಳು, ಉರಿಯಿತು. ಸಿಡುಕಿದೆ.

೧೦ ಫೆಬ್ರವರಿ, ಸೋಮವಾರ

ಲೇಖನ ಕಳಿಸಿದೆವು. ಸರ್ ತಾವೇ ಬಟನ್ ಒತ್ತಿದರು. "ಮೂವತ್ತು ವರ್ಷ ಪಾಠ ಮಾಡೇನಿ, ಹೊಸಾದು ಅಂತ ಹೇಳಿಕೊಳ್ಳಾಕ ಇದೊಂದ ನೋಡು ನನಗ" ಎಂದರು. ಪಾಪ ಅನಿಸಿತು. ಆಮೇಲೆ ಹೆದರಿಕೆಯಾಯಿತು.

ಮನೆಯಲ್ಲಿ ಪ್ರೇಮವ್ವ ನನ್ನನ್ನು ನೋಡಿದ್ದೇ "ಏನೋ ಕೆಂಪು ಬೆಳಕು ಹುಡುಕೀಯಂತಲ್ಲಾ, ನಿಮ್ಮವ್ವ ಓಣಿ ತುಂಬ ಹೇಳ್ಯಾಳ" ಎಂದಳು. ಅಮ್ಮಿ ತಲೆ ತಗ್ಗಿಸಿ ತೊಟ್ಟು ಮುರಿಯುತ್ತಿದ್ದಳು, ಮುಖದ ತುಂಬ ನಗು. ನನಗೆ ಸಿಟ್ಟು ಬಂತು. ಇನ್ನೂ ಏನೂ ಆಗಿಲ್ಲ, ಊರಿಗೆಲ್ಲ ಸಾರುವುದು ಯಾಕೆ?

೨೭ ಫೆಬ್ರವರಿ, ಗುರುವಾರ

ಪತ್ರಿಕೆಯಿಂದ ಇಷ್ಟು ಬೇಗ ಉತ್ತರ ಬಂದದ್ದೇ ಆಶ್ಚರ್ಯ. ಓದಿ ಪರೀಕ್ಷಿಸಿದವರು ಕೆಂಪನ್ನು ಮೆಚ್ಚಿದ್ದಾರೆ. ಒಂದೇ ಮಾತು: ಹೊಸ ಮಾದರಿಗಳನ್ನು ಮಾಡಿ ಮತ್ತೊಮ್ಮೆ ತೋರಿಸಿ, ಮಾರ್ಚ್ ಮುಗಿಯುವುದರೊಳಗೆ. ಅಷ್ಟಾದರೆ ಒಪ್ಪಿಗೆ. ಸರ್ "ಎಂಟು ದಿನದ ಕೆಲಸ" ಎಂದರು.

ಭಾನುವಾರದಿಂದ ರಂಜಾನ್. ಗ್ಲೌಸು ಖಾಲಿಯಾಗಿದ್ದವು, ನಿನ್ನೆ ರಾಣೆಬೆನ್ನೂರಿನಿಂದ ಹೊಸ ಡಬ್ಬಿ ತಂದೆ. ಅಮ್ಮಿ ರಂಜಾನಿನಲ್ಲಿ ತೊಟ್ಟಿನ ಕೆಲಸ ಹಿಡಿಯುವುದಿಲ್ಲ, ರೋಜಾ ಉಪವಾಸ ಇದ್ದಾಗ ಆ ಧೂಳು ಗಂಟಲಿಗೆ ಇಳಿದರೆ ಬೇಡ ಎನ್ನುತ್ತಾಳೆ. ಪಡಸಾಲೆ ಗುಡಿಸಿ ಸಾರಿಸಿದ್ದಾಳೆ. ಮನೆ ಯಾರದೋ ಮನೆಯಂತೆ ಕಾಣುತ್ತಿದೆ.

೬ ಮಾರ್ಚ್

ಕೆಂಪು ಇಲ್ಲ.

೮ ಮಾರ್ಚ್

ಇಲ್ಲ. ನೇರಳೆ ಇದೆ, ಕೆಂಪಿಲ್ಲ. ಕುಲುಮೆಯ ಬಿಸಿ ಕಡಿಮೆಯಾಯಿತೋ, ದ್ರಾವಣ ಹಳತಾಯಿತೋ. ನೀರು ಕುಡಿಯದೆ ಕತ್ತಲೆ ಕೋಣೆಯಲ್ಲಿ ಇಡೀ ದಿನ ನಿಂತರೆ ಯಾವುದೂ ತಲೆಗೆ ಹೊಳೆಯುವುದಿಲ್ಲ.

೧೩ ಮಾರ್ಚ್, ಗುರುವಾರ

ಚಂದ್ರಪ್ಪನ ಜೊತೆ ಜಗಳವಾಡಿದೆ. ಕುಲುಮೆಯ ಅಳತೆ ನೀನು ಬದಲಿಸಿದ್ದೀಯ ಎಂದೆ. ಅವನು ಮುಖ ಸಣ್ಣದು ಮಾಡಿ "ಅಕ್ಕಾರ, ನಾ ಯಾಕ ಮುಟ್ಟಲಿ ಅದನ್ನ?" ಎಂದ. ಖರೇ, ಅವನು ಯಾಕೆ ಮುಟ್ಟುತ್ತಾನೆ. ಸರ್ ಏನೂ ಬೈಯಲಿಲ್ಲ. "ಬರತೈತಿ ಬಿಡು, ಬಂದದ್ದು ಎಲ್ಲಿ ಹೋಗತೈತಿ" ಎಂದು ಕಿಟಕಿಯ ಕಡೆ ನೋಡುತ್ತಾ ಕೂತರು. ಅವರೂ ಸೋತಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು.

ಇದೆಲ್ಲ ಯಾರಿಗೆ ಬೇಕಾಗಿತ್ತು? ಬಿ.ಎಡ್. ಮಾಡಿಕೊಂಡು ಎಲ್ಲಾದರೂ ಹೈಸ್ಕೂಲಿನಲ್ಲಿ ಇರಬಹುದಿತ್ತು.

೧೮ ಮಾರ್ಚ್, ಮಂಗಳವಾರ

ಕಾಲೇಜು ಬೇಗ ಬಿಟ್ಟಿತು. ರಾಣೆಬೆನ್ನೂರಿನಿಂದ ಬಂದು ನೇರವಾಗಿ ಹಿತ್ತಲಿಗೆ ಹೋದೆ, ಮುಖ ತೊಳೆಯಲೆಂದು. ಬಟ್ಟೆಯ ತಂತಿಯ ಮೇಲೆ, ನನ್ನ ದುಪಟ್ಟಾ ಮತ್ತು ಅಮ್ಮಿಯ ಸೀರೆಯ ನಡುವೆ ನೀಲಿ ಗ್ಲೌಸುಗಳು ಸಾಲಾಗಿ ನೇತಾಡುತ್ತಿದ್ದವು, ಬೆರಳು ಕೆಳಗೆ ಮಾಡಿ. ಒಣಗಿದ್ದನ್ನು ಅಮ್ಮಿ ಒಂದೊಂದಾಗಿ ತೆಗೆದು, ಒಳಗೆ ಪೌಡರ್ ಉದುರಿಸಿ, ಇಸ್ತ್ರಿ ಮಾಡಿದಷ್ಟು ನೀಟಾಗಿ ಮಡಚಿ, ನನ್ನ ಡಬ್ಬಿಗೆ ತುರುಕುತ್ತಿದ್ದಳು. ಪ್ರೇಮವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಅಮ್ಮಿ, ಏನು ಮಾಡಾಕತ್ತೀ?"

"ಹಬ್ಬ ಹತ್ರ ಬಂತು, ಸೇಠ ಎರಡು ಚೀಲ ಕಳಿಸ್ಯಾನ. ಮುಖಕ್ಕ ಬಟ್ಟಿ ಕಟ್ಕೊಂಡು ಮುಂಜಾನಿ ಒಂದೀಟು ತೊಟ್ಟು ತೆಗದ್ವಿ. ಆಮ್ಯಾಲೆ ಗ್ಲೌಸ್ ಒಗದು ಹಾಕೇನಿ, ಬೇಟಿ. ಒಮ್ಮೆ ಹಾಕ್ಕೊಂಡು ಚೆಲ್ಲೂವಂಥಾವೇನು ಇವು? ನೋಡು, ಹೊಸಾವು ಇದ್ಹಂಗ ಅದಾವು."

"ಯಾವಾಗಿಂದ ಹಿಂಗ ಒಗದು ಇಡಾಕತ್ತೀ?"

"ನೀ ಕೊಟ್ಟಾಗಿಂದ. ನಡುವ ರಂಜಾನಕ್ಕ ಕೆಲಸ ಬಿಟ್ಟಿದ್ದೆ, ಇವತ್ತು ಮತ್ತ ಹಿಡದೇನಿ."

ಪ್ರೇಮವ್ವ "ನಿಮ್ಮವ್ವನ ಕೈಯಾಗ ಏನೂ ಹಾಳಾಗಂಗಿಲ್ಲ ನೋಡವಾ" ಎಂದಳು. ತಂತಿಯ ಮೇಲಿನ ಒಂದು ಗ್ಲೌಸು ತೆಗೆದು ಬೆಳಕಿಗೆ ಹಿಡಿದೆ. ನೀಲಿಯ ಮೇಲೆ ಕೆಂಪು ಕಾಣುವುದಿಲ್ಲ. ಸೋಪಿನ ಪುಡಿಗೆ ಮೆಣಸಿನಕಾಯಿಯ ಜಿಡ್ಡು ಪೂರ್ತಿ ಬಿಡುವುದಿಲ್ಲ. ವಾಸನೆ? ಬ್ಯಾಡಗಿಯವರ ಮೂಗಿಗೆ ಅದೊಂದು ವಾಸನೆಯೇ ಅಲ್ಲ.

"ಇನ್ನ ಒಗೀಬ್ಯಾಡ ಅಮ್ಮಿ, ಲ್ಯಾಬಿಗೆ ಹೊಸಾವು ಬಂದಾವ" ಎಂದೆ. ಬಂದಿಲ್ಲ.

೨೦ ಮಾರ್ಚ್, ಗುರುವಾರ

ಲೇಪವಿಲ್ಲದ ಬರೀ ಗಾಜು ತೆಗೆದುಕೊಂಡೆ. ಅಮ್ಮಿ ಒಗೆದ ಗ್ಲೌಸಿನ ಬೆರಳಿನಿಂದ ಒತ್ತಿದೆ. ಇನ್ನೊಂದಕ್ಕೆ ಮೆಣಸಿನಕಾಯಿಯ ಸಿಪ್ಪೆಯನ್ನೇ ತಿಕ್ಕಿದೆ. ಎರಡನ್ನೂ ಲೇಸರಿಗೆ ಕೊಟ್ಟೆ.

ಕೆಂಪು. ಜನವರಿಯ ಗೆರೆಯ ಮೇಲೆ ಇವತ್ತಿನ ಗೆರೆ ಇಟ್ಟರೆ ಒಂದರ ಮೇಲೊಂದು ಕೂತವು. ಸ್ವಲ್ಪ ಹೊತ್ತಿಗೆ ಮಂಕಾಯಿತು. ಹರಳು ದಣಿಯುವುದಲ್ಲ, ಕಾಯಿಯ ಬಣ್ಣ ಬೆಳಕಿಗೆ ಬಿಡುವುದು. ಬಿಸಿಲಿಗೆ ಬಹಳ ದಿನ ಬಿಟ್ಟ ಕಾಯಿ ಬಿಳಿಚಿಕೊಳ್ಳುತ್ತದೆ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನೇ ನಮ್ಮೂರಿನವಳು, ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಹತ್ತು ನಿಮಿಷ ನೆಲದ ಮೇಲೆ ಕೂತೆ. ನಗು ಬಂತು, ಆಮೇಲೆ ಅಳು ಬಂತು. ಚಂದ್ರಪ್ಪ ಹೊರಗಿನಿಂದ ಬಾಗಿಲು ಬಡಿದ. ರೋಜಾ ಇದೆ, ತಲೆ ತಿರುಗಿತು ಎಂದೆ.

೨೨ ಮಾರ್ಚ್, ಶನಿವಾರ

ಯಾರಿಗೂ ಹೇಳಿಲ್ಲ. ಡಬ್ಬಿಯಲ್ಲಿ ಅಮ್ಮಿ ಮಡಚಿಟ್ಟ ಗ್ಲೌಸು ಇನ್ನೂ ಇವೆ. ಸೋಮವಾರ ಅದನ್ನೇ ಹಾಕಿಕೊಂಡು ಹೊಸ ಮಾದರಿ ಕೂರಿಸಿದರೆ ಕೆಂಪು ಬರುತ್ತದೆ. ಕೇಳಿದ್ದು ಅಷ್ಟೇ ತಾನೆ, ಹೊಸ ಮಾದರಿಯಲ್ಲಿ ಮತ್ತೆ ಬರಬೇಕು. ಬರುತ್ತದೆ. ಲೇಖನ ಒಪ್ಪಿಗೆಯಾಗುತ್ತದೆ. ಸರ್ ಖುಷಿಯಿಂದ ಮನೆಗೆ ಹೋಗುತ್ತಾರೆ. ನಾನು ಡಾಕ್ಟರ್ ಬೇನಜೀರ. ಯಾವ ದೇಶದಲ್ಲಿ ಯಾರು ಕೂತು ಇದನ್ನು ಮೆಣಸಿನಕಾಯಿ ಎನ್ನುತ್ತಾರೆ?

ಒಂದು ಜೊತೆ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಮತ್ತೆ ತೆಗೆದೆ. ಮತ್ತೆ ಹಾಕಿದೆ. ಥೂ, ಸಾಕಾಗಿದೆ ನನಗೆ. ನಿದ್ದೆ ಮಾಡಬೇಕು, ಅಷ್ಟೇ.

೨೪ ಮಾರ್ಚ್, ಸೋಮವಾರ

ಹೇಳಿಬಿಟ್ಟೆ.

"ಸರ್, ಆ ಕೆಂಪು ನಮ್ಮ ಹರಳಿಂದಲ್ಲ."

"ಮತ್ತ ಯಾರದು?"

"ಮೆಣಸಿನಕಾಯಿದ್ರಿ."

ಮೊದಲು ನಕ್ಕರು. ಎರಡು ಗೆರೆಗಳನ್ನು ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಹೆಂಗ ಹತ್ತಿತು ಇದು?"

ಅಮ್ಮಿಯ ಹೆಸರು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಇಲ್ಲಿ ಒಮ್ಮೆ ಹೇಳಿದರೆ ಮುಗಿಯಿತು, ನಾಳೆಯಿಂದ ಚಹಾದ ಹೊತ್ತಿಗೆಲ್ಲ ನಮ್ಮ ಅಮ್ಮಿ ಗ್ಲೌಸು ಒಗೆದ ಕಥೆಯೇ. ಓಣಿ ತುಂಬ ಕೆಂಪು ಬೆಳಕು ಎಂದು ಹೇಳಿಕೊಂಡು ಬಂದವಳು ಅವಳು. "ಮನೆಯಾಗ ನಾನೂ ತೊಟ್ಟು ತೆಗೀತೇನ್ರಿ. ಕೈ ಸರಿಯಾಗಿ ತೊಳೀದ ಬಂದೇನಿ, ಬರೀಗೈಲೆ ಗಾಜು ಮುಟ್ಟೇನಿ" ಎಂದೆ.

ಸರ್ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಅವರು ದನಿ ಏರಿಸಿದ್ದು ನಾನು ಕೇಳಿಲ್ಲ. "ಗ್ಲೌಸ್ ಹಾಕ್ಕೊಳ್ಳಾಕ ಏನಾಗಿತ್ತು ನಿನಗ? ಪಿಎಚ್.ಡಿ. ಮಾಡಾಕಿ ಕೈ ತೊಳೀಲಾರದ ಬರ್ತಾಳ ಅಂದ್ರ! ಇಷ್ಟು ವರ್ಷ ಏನು ಕಲತಿ ಇಲ್ಲಿ?" ಕಾರಿಡಾರಿನ ತನಕ ಕೇಳಿಸಿತು. ಚಂದ್ರಪ್ಪ ಮೆಲ್ಲಗೆ ಹೊರಗೆ ಹೋದ.

ನಾನು ನಿಂತೇ ಇದ್ದೆ. ಗ್ಲೌಸು ಹಾಕಿಕೊಂಡಿದ್ದೆ ಸರ್ ಎನ್ನಲಿಲ್ಲ.

೨೫ ಮಾರ್ಚ್

ಕಾಲೇಜು. ನಾಲ್ಕು ಪಾಠ. ಏನು ಹೇಳಿದೆನೋ ನೆನಪಿಲ್ಲ.

೨೯ ಮಾರ್ಚ್, ಶನಿವಾರ

ಸೋಮವಾರ ಹಬ್ಬದ ರಜೆ ಇರುವುದರಿಂದ ಸರ್ ಅವರ ಬೀಳ್ಕೊಡುಗೆ ಇವತ್ತೇ ಆಯಿತು. ಶಾಲು, ಹಾರ, ಭಾಷಣ. ಅದಕ್ಕೂ ಮೊದಲು ನನ್ನನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸಿ, ಲೇಖನ ಹಿಂತೆಗೆದುಕೊಳ್ಳುತ್ತೇವೆಂದು ತಾವೇ ಬರೆದು ಕಳಿಸಿದರು. ಅದೇ ಬಟನ್, ಅದೇ ಬೆರಳು. ನನ್ನ ಹೆಸರು ಎಲ್ಲೂ ಕೆಡದಂತೆ ಬರೆದಿದ್ದರು. ನನ್ನ ಕಡೆ ತಿರುಗದೆ ಸಭೆಗೆ ಎದ್ದು ಹೋದರು.

ಆಫೀಸಿನಲ್ಲಿ ಕೇಳಿದೆ. ಏಪ್ರಿಲ್‌ನಲ್ಲಿ ಹೊಸದಾಗಿ ನೋಂದಣಿಗೆ ಹಾಕಬೇಕಂತೆ.

ಹೊರಡುವಾಗ ಧೈರ್ಯ ಮಾಡಿ "ಸೋಮವಾರ ಹಬ್ಬಕ್ಕ ಬರ್ರಿ ಸರ್, ಅಮ್ಮಿ ಭಾಳ ಸಲ ಹೇಳ್ಯಾಳ" ಎಂದೆ. ಹೂಂ ಎಂದರು, ಬರುವ ಹೂಂ ಅಲ್ಲ ಅದು.

೩೧ ಮಾರ್ಚ್, ಸೋಮವಾರ. ಹಬ್ಬ

ಬಂದರು. ಅವರ ನೌಕರಿಯ ಕೊನೆಯ ದಿನ, ಹಾವೇರಿಯಿಂದ ಬಸ್ಸಿನಲ್ಲಿ ಒಬ್ಬರೇ. ಕೈಯಲ್ಲಿ ಬಾಳೆಹಣ್ಣು.

ಅಮ್ಮಿಗೆ ಕೈಕಾಲು ಆಡಲಿಲ್ಲ. "ಕುಂದ್ರಿ ಸರ್, ಮ್ಯಾಲೆ ಕುಂದ್ರಿ" ಎಂದು ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಅವರು ಮಾಂಸ ತಿನ್ನುವುದಿಲ್ಲ, ಅವರಿಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ ಹಾಲು ಶಾವಿಗೆಯ ಶೀರಖುರ್ಮಾ ಬಟ್ಟಲಿಗೆ ಹಾಕಿ ತಂದಳು. ಸರ್ ಚಮಚದ ತುದಿಯಲ್ಲಿ ಮುಟ್ಟಿ ಮುಟ್ಟಿ ತಿನ್ನುತ್ತಿದ್ದರು, ಶುಗರ್ ಅಂಜಿಕೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ಇಬ್ಬರ ನಡುವೆ ಮಾತಿಲ್ಲ ಎನ್ನುವುದು ಅಮ್ಮಿಗೆ ಹೇಗೆ ಗೊತ್ತಾಗಬೇಕು?

"ನಿಮ್ಮ ಲ್ಯಾಬಿಗೆ ನಾನೂ ಒಂದೀಟು ಕೆಲಸ ಮಾಡೇನ್ರಿ ಸರ್" ಎಂದಳು ಅಮ್ಮಿ, ಇದ್ದಕ್ಕಿದ್ದಂತೆ.

"ಹೌದ? ಏನು ಮಾಡೀರಿ ಅಮ್ಮಾ?"

"ಅಮ್ಮಿ, ಇನ್ನೊಂದೀಟು ಹಾಲು ತಾ" ಎಂದೆ. ಕೇಳಿಸಿಕೊಂಡರೆ ತಾನೆ.

"ಇಕಿ ನೀಲಿ ಗ್ಲೌಸ್ ಹಾಕ್ಕೊಂಡು ಗಾಜು ಮುಟ್ತಾಳಲ್ರಿ, ಅವನ್ನ ಇಕಿನ ತರೂದು. ನಾ ಖಾರದ ಕಾಯಿ ತೊಟ್ಟು ತೆಗ್ಯೂಮುಂದ ಹಾಕ್ಕೊಂತಿದ್ದೆ. ಆಮ್ಯಾಲೆ ಚಂದಂಗ ಒಗದು, ಒಣಗಿಸಿ, ಪೌಡರ್ ಹಚ್ಚಿ ಮತ್ತ ಇಕಿ ಡಬ್ಬಿಗೆ ಇಡ್ತಿದ್ದೆ. ಇಕಿಗೆ ಗೊತ್ತ ಇರಲಿಲ್ಲ! ನಾ ಒಗದ ಗ್ಲೌಸ್ ಹಾಕ್ಕೊಂಡ ಇಕಿ ಆ ಕೆಂಪು ಬೆಳಕು ಹುಡುಕಿದ್ದು. ಮೊನ್ನೆ ನೋಡಿ, ಸಾಕು ಬಿಡು ಅಂದ್ಲು."

ಸರ್ ಅವರ ಚಮಚ ಬಟ್ಟಲಿನಲ್ಲೇ ನಿಂತಿತು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಇನ್ನು ಏನು ಹೇಳಿಬಿಡುತ್ತಾರೋ. ಒಂದು ಮಾತು ಸಾಕಿತ್ತು, ಅಮ್ಮಿಯ ಹಬ್ಬ ಅಲ್ಲಿಗೆ ಮುಗಿಯುತ್ತಿತ್ತು.

"ಖರೇ ಅಮ್ಮಾ" ಎಂದರು ಸರ್. "ನಮ್ಮ ಕೆಲಸದಾಗ ನಿಮ್ಮ ಪಾಲು ಭಾಳ ಐತಿ."

ಅಮ್ಮಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸರ್ ಬಟ್ಟಲು ಖಾಲಿ ಮಾಡಿ ಅವಳ ಕಡೆ ಚಾಚಿದರು. "ಇನ್ನೊಂದೀಟು ಹಾಕ್ರಿ. ಭಾಳ ಚಲೋ ಆಗೇತಿ."

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಅರ್ಧ ದಾರಿ ಕಳೆದ ಮೇಲೆ ನಿಂತು, ನನ್ನ ಮುಖ ನೋಡದೆ, "ಅಂದ್ರ, ಗ್ಲೌಸ್ ಹಾಕ್ಕೊಂಡಿದ್ದಿ ನೀ" ಎಂದರು.

"ಹೂಂ ರೀ ಸರ್."

"ನಾ ಒದರಿಬಿಟ್ಟೆ."

"ಇರ್ಲಿ ಬಿಡ್ರಿ ಸರ್."

ಹಾವೇರಿ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಗುರುವಾರ ಲ್ಯಾಬಿಗೆ ಬಾ. ನಾನೂ ಬರ್ತೇನಿ. ಪಗಾರ ಇಲ್ದ ಬಂದವನ್ನ ಯಾರು ಹೊರಗ ಹಾಕ್ತಾರ?" ಕಂಡಕ್ಟರ್ ಸೀಟಿ ಊದಿದ.

೩ ಏಪ್ರಿಲ್, ಗುರುವಾರ

ಲ್ಯಾಬು. ಚಂದ್ರಪ್ಪನ ಚಿಮಟ ಇಸಿದುಕೊಂಡು ಗಾಜು ಕೂರಿಸಿದೆ, ಎರಡು ಸಲ ಜಾರಿತು. ಸರ್ ಬುತ್ತಿ ಡಬ್ಬಿಯ ಸಮೇತ ಬಂದಿದ್ದರು. ಕೆಂಪಿಲ್ಲ. ನೇರಳೆ ಇದೆ. ಲೇಸರ್ ಎರಡರಷ್ಟು ಮಾಡಿದೆ, ನೇರಳೆ ನಾಲ್ಕರಷ್ಟಾಯಿತು, ಎಲ್ಲರಿಗೂ ಆಗುವಷ್ಟೇ. ನೋಂದಣಿ ಅರ್ಜಿ ಕೊಟ್ಟು ಬಂದೆ. ಬಸ್ಸಿನಲ್ಲಿ ನಿದ್ದೆ ಹತ್ತಿತು, ಮೋಟೆಬೆನ್ನೂರು ದಾಟಿದ್ದೇ ಗೊತ್ತಾಗಲಿಲ್ಲ.

ಸಂಜೆ ಅಮ್ಮಿ ಮತ್ತು ಪ್ರೇಮವ್ವನ ಜೊತೆ ತೊಟ್ಟು ತೆಗೆಯಲು ಕೂತೆ. ಗ್ಲೌಸು ಎರಡೇ ಜೊತೆ ಇದ್ದವು, ಅವರಿಬ್ಬರಿಗೆ ಕೊಟ್ಟೆ. ಎಷ್ಟು ತೊಳೆದರೂ ಕೈ ಉರಿಯುತ್ತಲೇ ಇದೆ, ಪೆನ್ನು ಹಿಡಿಯಲಾಗುತ್ತಿಲ್ಲ. ಇವತ್ತಿಗೆ ಇಷ್ಟೇ.